ಕುಸುಬೆ ಹೂವನ್ನು ನರಕ್ಕೆ ಕೊಡುವ ಮೊದಲು

ಕಷಾಯವನ್ನು ಇಂಜೆಕ್ಷನ್ ಮಾಡಿ ಕೊಡೋದು ನಮ್ಮ ದೇಶದಲ್ಲಿ ಆಗದ ಮಾತು. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಪ್ರೊಪ್ರೈಟರಿ (ಕಂಪನಿ ತನ್ನದೇ ಹೆಸರಿನಲ್ಲಿ ಮಾರುವ) ಔಷಧಿ ಅಂದರೆ ಏನು ಅಂತ ಹೇಳುವ ಕಡೆಯಲ್ಲೇ ಸೂಜಿಯಿಂದ ಕೊಡುವುದನ್ನು ಹೊರಗಿಟ್ಟಿದ್ದಾರೆ. 2015ರಲ್ಲಿ ಫೈಟೋಫಾರ್ಮಾಸ್ಯೂಟಿಕಲ್ ಅಂತ ಹೊಸ ವರ್ಗ ಮಾಡಿದರು. ಗಿಡದ ಸಾರವನ್ನು ಶುದ್ಧ ಮಾಡಿ, ಕನಿಷ್ಠ ನಾಲ್ಕು ಅಂಶಗಳನ್ನು ಅಳೆದು ತೋರಿಸಬೇಕು. ಅಲ್ಲೂ ಇಂಜೆಕ್ಷನ್‌ಗೆ ಬಾಗಿಲು ಮುಚ್ಚಿದೆ. ಫಾರ್ಮಸಿ ಓದುವಾಗ ಕಾಯ್ದೆಯ ಈ ಭಾಗವನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆವು. ಯಾಕೆ ಹೀಗೆ ಅಂತ ಕ್ಲಾಸಲ್ಲಿ ಯಾರೂ ಕೇಳಲಿಲ್ಲ.

ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಕೆಲಸಕ್ಕೆ ಚೀನಾದ ತಿಯಾಂಜಿನ್‌ಗೆ ಹೋದಾಗ ನೋಡಿದ್ದು ಇದರ ಉಲ್ಟಾ. ಅಲ್ಲಿನ ಆಸ್ಪತ್ರೆಗಳಲ್ಲಿ ಗಿಡಮೂಲಿಕೆಯ ಇಂಜೆಕ್ಷನ್ ದಿನನಿತ್ಯದ ಸಂಗತಿ. ಎದೆನೋವಿಗೊಂದು, ಪಾರ್ಶ್ವವಾಯುವಿಗೊಂದು, ಜ್ವರಕ್ಕೊಂದು. ನರ್ಸ್ ಕಂದು ಬಣ್ಣದ ಆಂಪೂಲ್ ಮುರಿದು, ಔಷಧಿಯನ್ನು ಸಲೈನ್‌ಗೆ ಸೇರಿಸಿ, ಡ್ರಿಪ್ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಾಳೆ. ಪಕ್ಕದಲ್ಲಿ ಕೂತ ಮನೆಯವರು ಮೊಬೈಲ್ ನೋಡುತ್ತಿರುತ್ತಾರೆ. ನನಗೊಬ್ಬನಿಗೇ ಅದು ವಿಚಿತ್ರ.

ನಾನು ಸೇರಿದ ತಂಡಕ್ಕೆ ಒಂದು ಔಷಧಿ ಕಂಪನಿ ಹಣ ಕೊಟ್ಟಿತ್ತು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಬರುವ ಪಾರ್ಶ್ವವಾಯುವಿಗೆ ಹೊಂಗ್‌ಹುವಾ ಹೂವಿನಿಂದ ಒಂದು ಇಂಜೆಕ್ಷನ್ ಬೇಕಿತ್ತು. ಹಳೆಯ ಕಾಲದ ಕಂದು ನೀರಲ್ಲ, ಈಗಿನ ನಿಯಮಕ್ಕೆ ಒಗ್ಗುವಂಥದ್ದು. ಈ ಹೂವು ನಿಂತ ರಕ್ತವನ್ನು ಓಡಿಸುತ್ತದೆ ಅಂತ ಚೀನೀ ವೈದ್ಯರ ನಂಬಿಕೆ. ಬಸುರಿಯರಿಗೆ ಕೊಡಬಾರದು ಅಂತಲೂ ಹೇಳುತ್ತಾರೆ. ಮೊದಲ ಗೋಣಿಚೀಲ ಬಿಚ್ಚಿದಾಗ ನನಗೆ ನಗು ಬಂತು. ಕುಸುಬೆ! ನಮ್ಮ ವಿಜಯಪುರದ ಕಡೆ ದನ ನುಗ್ಗದಿರಲಿ ಅಂತ ಜೋಳದ ಹೊಲದ ಸುತ್ತ ಸಾಲು ಹಾಕುವ ಅದೇ ಮುಳ್ಳಿನ ಬೆಳೆ. ನಮಗೆ ಬೇಕಾದದ್ದು ಕಾಳು, ಅದರ ಎಣ್ಣೆ. ಹೂವನ್ನು ನಮ್ಮ ಮನೆಯಲ್ಲಿ ಯಾರೂ ಮೂಸಿ ನೋಡಿದವರಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಕುಸುಬಿ ಹೂವಿನ ನೀರು ನರಕ್ಕ ಏರಸ್ತಾರೇನೋ? ಸುಮ್ನ ಎಣ್ಣಿ ಹಾಕ್ಕೊಂಡು ರೊಟ್ಟಿ ತಿಂದ್ರ ಸಾಲಂಗಿಲ್ಲೇನ್ ಅವರಿಗೆ?" ಅಂದಳು.

ತಮಾಷೆಯಾಗಿ ಕೇಳಿದಳು, ಆದರೆ ಅವ್ವ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಹೊಟ್ಟೆಗೆ ಹೋಗುವುದಕ್ಕೂ ನರಕ್ಕೆ ಹೋಗುವುದಕ್ಕೂ ಅಜಗಜಾಂತರ. ಹೊಟ್ಟೆ ಒಂದು ಚೆಕ್‌ಪೋಸ್ಟ್. ಆಮ್ಲ ಇದೆ, ಕರುಳಿನ ಗೋಡೆ ಇದೆ, ಅದಾದ ಮೇಲೆ ಲಿವರ್ ಇದೆ. ಪ್ರೋಟೀನ್, ಪಿಷ್ಟ, ಟ್ಯಾನಿನ್ (ಗಿಡದ ಒಗರು), ಸತ್ತ ಬ್ಯಾಕ್ಟೀರಿಯಾದ ಚೂರು, ಎಲ್ಲವನ್ನೂ ಅಲ್ಲೇ ತಡೆದು, ಮುರಿದು, ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಸೂಜಿ ಚುಚ್ಚಿದರೆ ಇದ್ಯಾವುದೂ ಇಲ್ಲ. ಅಲ್ಲಿಂದ ಮುಂದೆ ನಾವು ಮಾಡಿದ ಕೆಲಸವೆಲ್ಲ ಹೊಟ್ಟೆ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸವನ್ನು ಸ್ಟೀಲ್ ಪಾತ್ರೆ, ಕಾಲಮ್, ಫಿಲ್ಟರ್ ಇಟ್ಟುಕೊಂಡು ಮಾಡುವುದೇ ಆಗಿತ್ತು.

ಈ ಬಗೆಯ ಔಷಧಿ ಹುಟ್ಟಿದ್ದು ಯುದ್ಧದ ಗಡಿಬಿಡಿಯಲ್ಲಿ. ಜಪಾನ್ ವಿರುದ್ಧದ ಹೋರಾಟದ ಕಾಲದಲ್ಲಿ ತೈಹಾಂಗ್ ಬೆಟ್ಟಗಳಲ್ಲಿದ್ದ ಕಮ್ಯುನಿಸ್ಟ್ ಸೈನಿಕರಿಗೆ ಜ್ವರ, ಮಲೇರಿಯಾ. ದಿಗ್ಬಂಧನದಿಂದ ಕ್ವಿನೈನ್ ಸಿಗುತ್ತಿರಲಿಲ್ಲ. ಬೆಟ್ಟದಲ್ಲೇ ಬೆಳೆಯುವ ಚಾಯ್‌ಹು ಬೇರನ್ನು ಭಟ್ಟಿ ಇಳಿಸಿ ಆಂಪೂಲ್‌ಗೆ ತುಂಬಿದರು. ಅದು 1941ರ ಸುಮಾರಿನ ಮಾತು. ಆ ಇಂಜೆಕ್ಷನ್ ಇವತ್ತಿಗೂ ಇದೆ. ಆದರೆ 2018ರಲ್ಲಿ ಸರ್ಕಾರ ಅದರ ಚೀಟಿಯನ್ನು ತಿದ್ದಿಸಿ, ಮಕ್ಕಳಿಗೆ ಕೊಡಲೇಬಾರದು ಅಂತ ಬರೆಸಿತು. ಅಷ್ಟು ವರ್ಷ ಅದನ್ನು ಮಕ್ಕಳ ಜ್ವರಕ್ಕೆ ಧಾರಾಳವಾಗಿ ಕೊಡುತ್ತಿದ್ದರು.

ನನ್ನನ್ನು ಜಾಸ್ತಿ ಕಾಡಿದ್ದು ಯುಶಿಂಗ್‌ತ್ಸಾವ್ ಕಥೆ. ಈ ಗಿಡದ ಬಿಳಿ ಬೇರನ್ನು ಸಿಚುವಾನ್, ಗುಯಿಝೌ ಕಡೆ ಜನ ಮೆಣಸಿನಕಾಯಿ, ವಿನೆಗರ್ ಹಾಕಿ ಕೋಸಂಬರಿ ಮಾಡಿ ತಿನ್ನುತ್ತಾರೆ. ಮೀನಿನ ವಾಸನೆ, ನನಗೆ ಹಿಡಿಸಲಿಲ್ಲ. ಅವರು ಮಾತ್ರ ತಟ್ಟೆಗಟ್ಟಲೆ ತಿಂದು ಆರಾಮಾಗಿರುತ್ತಾರೆ. ಅದೇ ಗಿಡದ ಇಂಜೆಕ್ಷನ್ ಉಸಿರಾಟದ ಸೋಂಕಿಗೆ ದೇಶದ ತುಂಬ ಓಡಾಡಿತು. ಉಸಿರು ಕಟ್ಟುವುದು, ಬಿಪಿ ಒಮ್ಮೆಲೇ ಕುಸಿಯುವುದು, ಸಾವು ಅಂತ ವರದಿಗಳು ಬಂದು, 2006ರ ಜೂನ್‌ನಲ್ಲಿ ಅದನ್ನೂ ಅದರ ಜೊತೆಗಿನ ಕೆಲವು ಇಂಜೆಕ್ಷನ್‌ಗಳನ್ನೂ ಸರ್ಕಾರ ನಿಲ್ಲಿಸಿತು. ಎಲ್ಲ ದುರಂತಕ್ಕೂ ಗಿಡವೇ ಕಾರಣ ಅಂತಲೂ ಅಲ್ಲ. 2008ರಲ್ಲಿ ಯುನ್ನಾನ್‌ನಲ್ಲಿ ತ್ಸಿವುಜಿಯಾ ಅನ್ನುವ ಇನ್ನೊಂದು ಗಿಡದ ಇಂಜೆಕ್ಷನ್ ತೆಗೆದುಕೊಂಡ ಮೂವರು ಸತ್ತರು. ತನಿಖೆಯಲ್ಲಿ ಗೊತ್ತಾದದ್ದು, ಮಳೆ ನೀರಿನಲ್ಲಿ ನೆನೆದ ಬಾಟಲಿಗಳಿಗೆ ಹೊಸ ಲೇಬಲ್ ಅಂಟಿಸಿ ಮಾರಿದ್ದರು. ಬ್ಯಾಕ್ಟೀರಿಯಾ ಒಳಗೆ ಸೇರಿತ್ತು.

ಈ ಎರಡು ಘಟನೆಗಳ ನಡುವೆ, 2007ರ ಕೊನೆಗೆ ಬಂದ ನಿಯಮವೇ ನಮ್ಮ ತಲೆನೋವು. ಹಲವು ಅಂಶಗಳಿರುವ ಗಿಡಮೂಲಿಕೆ ಇಂಜೆಕ್ಷನ್ ಆದರೆ, ಅದರಲ್ಲಿ ಕರಗಿರುವ ಘನವಸ್ತುವಿನ ಶೇ 60ಕ್ಕೆ ಕಡಿಮೆ ಇಲ್ಲದಷ್ಟು ಭಾಗ ರಚನೆ ಗೊತ್ತಿರುವ ಅಣುಗಳಾಗಿರಬೇಕು. ಒಂದೇ ಅಂಶದ್ದಾದರೆ ಶೇ 90. ಜೊತೆಗೆ, ಬಾಯಿಂದ ಕೊಡುವ ಬದಲು ಇಂಜೆಕ್ಷನ್ ಯಾಕೆ ಬೇಕು ಅಂತ ಸಾಬೀತು ಮಾಡಬೇಕು.

ಕೊನೆಯ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇತ್ತು. ಕುಸುಬೆ ಹೂವಿನ ಮುಖ್ಯ ಅಣು ಹೈಡ್ರಾಕ್ಸಿಸ್ಯಾಫ್ಲರ್ ಯೆಲ್ಲೋ ಎ. ಉದ್ದ ಹೆಸರು, ಲ್ಯಾಬಿನಲ್ಲಿ ಎಚ್‌ಎಸ್‌ವೈಎ ಅಂತಿದ್ದೆವು. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕರುಳಿನ ಗೋಡೆ ದಾಟುವುದು ಮಾತ್ರ ತೀರಾ ಕಡಿಮೆ. ಇಲಿಗೆ ಕುಡಿಸಿದರೆ ರಕ್ತದಲ್ಲಿ ಸಿಗುವುದು ನೂರಕ್ಕೆ ಒಂದು ಭಾಗದ ಆಸುಪಾಸು. ಹಾಗಾಗಿ ಸೂಜಿ ಬೇಕು ಅನ್ನುವುದಕ್ಕೆ ನೆಪ ಹುಡುಕಬೇಕಾಗಿರಲಿಲ್ಲ.

ಹೂವು ಬರುತ್ತಿದ್ದದ್ದು ಹೆಚ್ಚಾಗಿ ಶಿನ್‌ಜಿಯಾಂಗ್‌ನಿಂದ. ಹೂವು ಅರಳುವಾಗ ಹಳದಿ, ಆಮೇಲೆ ಕೆಂಪಿಗೆ ತಿರುಗುತ್ತದೆ. ತಿರುಗಿದ ಹೊತ್ತಿಗೆ ಬೆಳಗಿನ ಜಾವ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ದಳ ಕಿತ್ತು ನೆರಳಲ್ಲಿ ಒಣಗಿಸಬೇಕು. ನಮ್ಮ ಊರಲ್ಲಿ ಕುಸುಬೆ ಕೀಳುವವರು ಕೈಗೆ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿ ಬೆಳೆದ ನನಗೆ ಆ ಕೂಲಿಯ ಕಷ್ಟ ಬೇಗ ಅರ್ಥವಾಯಿತು. ಬಣ್ಣ ಮಾಡುವವರು ಹಿಂದಿನಿಂದಲೂ ಈ ಹೂವಿನ ಹಳದಿಯನ್ನು ತೊಳೆದು ಚೆಲ್ಲಿ ಕೆಂಪನ್ನು ಇಟ್ಟುಕೊಳ್ಳುತ್ತಿದ್ದರು. ನಮಗೆ ಬೇಕಾದದ್ದು ಆ ಚೆಲ್ಲುವ ಹಳದಿ. ಮಾರುಕಟ್ಟೆಯ ದೃಷ್ಟಿ ಮಾತ್ರ ಕೆಂಪಿನ ಮೇಲೇ. ಕೆಂಪಗಿದ್ದರೆ ಒಳ್ಳೆಯ ಮಾಲು ಅಂತ ಬೆಲೆ. ಅದಕ್ಕೇ ಹಳೆಯ ದಳಕ್ಕೆ ಕೃತಕ ಬಣ್ಣ ಹಾಕುವ ಚಾಳಿ ಇದೆ. ಚೀಲ ಬಂದ ತಕ್ಷಣ ನಾನು ಮಾಡುತ್ತಿದ್ದ ಮೊದಲ ಕೆಲಸ ಒಂದು ಹಿಡಿ ದಳವನ್ನು ಗಾಜಿನ ಬೀಕರ್‌ನಲ್ಲಿ ನೀರಿಗೆ ಹಾಕುವುದು. ನಿಜವಾದ ಹೂವಾದರೆ ನೀರು ಬಂಗಾರದ ಹಳದಿ ಆಗುತ್ತದೆ, ದಳ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಾಕಿದ್ದಾದರೆ ನೀರೇ ಕೆಂಪು. ಎಲ್ಲ ಮೋಸವೂ ಇಷ್ಟು ಸುಲಭಕ್ಕೆ ಸಿಗೋದಿಲ್ಲ, ಅದಕ್ಕೆ ಮೆಷಿನ್ ಬೇಕು. ಆದರೆ ಈ ಬೀಕರ್ ಪರೀಕ್ಷೆಯಲ್ಲೇ ವಾಪಸ್ ಹೋದ ಚೀಲಗಳೂ ಇದ್ದವು.

ಚೀನೀ ಫಾರ್ಮಕೋಪಿಯಾ (ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ) ಪ್ರಕಾರ ಒಣ ಹೂವಿನಲ್ಲಿ ಎಚ್‌ಎಸ್‌ವೈಎ ಶೇ 1ಕ್ಕಿಂತ ಕಡಿಮೆ ಇರಬಾರದು. 403 ನ್ಯಾನೋಮೀಟರ್ ಬೆಳಕಿನಲ್ಲಿ ಎಚ್‌ಪಿಎಲ್‌ಸಿ, ಅಂದರೆ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಮೆಷಿನ್‌ನಿಂದ ನೋಡುತ್ತಾರೆ. ಒಂದೇ ಜಿಲ್ಲೆಯ ಎರಡು ಹೊಲದ ಹೂವಿನಲ್ಲೇ ಈ ಅಂಕಿ ಏರುಪೇರಾಗುತ್ತದೆ. ಒಣಗಿಸುವಾಗ ಮಳೆ ಹನಿ ಬಿದ್ದರೆ ಮುಗಿಯಿತು. ಅದಕ್ಕೆ ಬೇರೆ ಬೇರೆ ಲಾಟಿನ ಹೂವನ್ನು ಲೆಕ್ಕ ಹಾಕಿ ಬೆರೆಸಿ ಒಂದು ಬ್ಯಾಚ್ ಮಾಡುತ್ತಿದ್ದೆವು.

ಇನ್ನು ಸಾರ ತೆಗೆಯುವುದು. ಹಳೆಯ ಪದ್ಧತಿ ಸರಳ. ನೀರಲ್ಲಿ ಕುದಿಸು, ಬತ್ತಿಸು, ಆಲ್ಕೋಹಾಲ್ ಹಾಕು, ತಣ್ಣಗಿಡು, ಕೆಳಗೆ ಕೂತ ಗಸಿ ತೆಗೆದು ಸೋಸು. ಇದನ್ನು ಎರಡು ಸಲ ಮಾಡಿ, ಇದ್ದಿಲ ಪುಡಿ ಹಾಕಿ ಸೋಸಿ ಆಂಪೂಲ್‌ಗೆ ತುಂಬುತ್ತಿದ್ದರು. ನಮ್ಮ ಅಣು ಕುದಿಯುವ ಶಾಖವನ್ನು ತಡೆಯೋದಿಲ್ಲ. ಹಾಗಾಗಿ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಒತ್ತಡ ಇಳಿಸಿ ಕಡಿಮೆ ಶಾಖದಲ್ಲೇ ಬತ್ತಿಸಿದೆವು. ಈ ವಿಷಯ ಬಂದಾಗಲೆಲ್ಲ ನಮ್ಮ ಲ್ಯಾಬಿನಲ್ಲಿ ಚೀನೀ ವಿಜ್ಞಾನಿ ತು ಯೂಯೂ ಹೆಸರು ಬರುತ್ತಿತ್ತು. ಮಲೇರಿಯಾಕ್ಕೆ ಚಿಂಗ್‌ಹಾವ್ ಗಿಡವನ್ನು ಕುದಿಸಿ ಕುದಿಸಿ ಸೋತ ಮೇಲೆ, 4ನೇ ಶತಮಾನದ ವೈದ್ಯ ಗೆ ಹೊಂಗ್ ಅದನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಬರೆದಿಟ್ಟಿದ್ದನ್ನು ಗಮನಿಸಿ, 1971ರಲ್ಲಿ ಅವರು ಕಡಿಮೆ ಶಾಖಕ್ಕೆ ಕುದಿಯುವ ಈಥರ್ ಬಳಸಿದರು. ಆರ್ಟೆಮಿಸಿನಿನ್ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು.

ಆಲ್ಕೋಹಾಲ್ ಹಾಕಿ ಚಳಿ ಕೋಣೆಯಲ್ಲಿಟ್ಟ ಪಾತ್ರೆಯನ್ನು ಮೊದಲ ಸಲ ತೆರೆದಾಗ ತಳದಲ್ಲಿ ಗೋಂದಿನಂಥ ಕಂದು ಪದರ ಕೂತಿತ್ತು. ಸಕ್ಕರೆ, ಪಿಷ್ಟ, ಪ್ರೋಟೀನ್. ಅದನ್ನು ಬಿಟ್ಟು ಮೇಲಿನ ತಿಳಿಯನ್ನು ಒಣಗಿಸಿ ತೂಗಿದರೆ ಎಚ್‌ಎಸ್‌ವೈಎ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಶೇ 60 ಎಲ್ಲಿ, ಇದೆಲ್ಲಿ!

ಪ್ರಾಜೆಕ್ಟಿನ ಬಹುಪಾಲು ಸಮಯ ತಿಂದದ್ದು ಈ ಲೆಕ್ಕ. ಒಂದು ಗ್ರಾಂ ಪುಡಿಯಲ್ಲಿ ಏನೇನಿದೆ ಅಂತ ಮಿಲಿಗ್ರಾಂ ಮಟ್ಟದಲ್ಲಿ ಹೇಳಬೇಕು. ನಮ್ಮ ಲ್ಯಾಬಿನ ಹಿರಿಯ ಸಂಶೋಧಕಿಯನ್ನು ಎಲ್ಲರೂ ಶಿಜಿಯೆ ಅಂತಿದ್ದರು, ನಮ್ಮಲ್ಲಿ ಅಕ್ಕ ಅನ್ನುವ ಹಾಗೆ. ಆಕೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದಳು. ಹೆಸರು ಸಿಕ್ಕ ಅಂಶ ಒಂದು ಕಡೆ, ಸಿಗದ್ದು ಇನ್ನೊಂದು ಕಡೆ. ಸಾರವನ್ನು ಆಮ್ಲೀಯ ಮಾಡಿ ರೆಸಿನ್ ಕಾಲಮ್‌ಗೆ (ಅಂಶಗಳನ್ನು ಹಿಡಿದಿಡುವ ಸಣ್ಣ ಮಣಿಗಳು ತುಂಬಿದ ಕೊಳವೆ) ಹಾಯಿಸಿದರೆ ಹಳದಿ ಅಂಟಿಕೊಳ್ಳುತ್ತದೆ, ಸಕ್ಕರೆ, ಉಪ್ಪು ಹರಿದುಹೋಗುತ್ತದೆ. ಆಮೇಲೆ ತೆಳು ಆಲ್ಕೋಹಾಲ್‌ನಿಂದ ಹಳದಿಯನ್ನು ಇಳಿಸಿಕೊಳ್ಳುತ್ತಿದ್ದೆವು. ನಮ್ಮ ಅಣುವಿಗೆ ನೀರಿನ ಮೇಲೆ ಮೋಹ ಜಾಸ್ತಿ, ರೆಸಿನ್ ಅದನ್ನು ಗಟ್ಟಿಯಾಗಿ ಹಿಡಿಯೋದಿಲ್ಲ. ಸ್ವಲ್ಪ ಜಾಸ್ತಿ ತೊಳೆದರೆ ಮಾಲು ಚರಂಡಿಗೆ, ಕಡಿಮೆ ತೊಳೆದರೆ ಸಕ್ಕರೆ ಜೊತೆಗೆ.

ಹರಿದುಹೋಗುವ ಆ ಉಪ್ಪಿನ ಬಗ್ಗೆ ಒಂದು ಮಾತು. ಗಿಡದ ಸಾರದಲ್ಲಿ ಪೊಟ್ಯಾಷಿಯಂ ಧಾರಾಳ. ಎಳನೀರಲ್ಲೂ ಇದೆ, ಕುಡಿದರೆ ಒಳ್ಳೆಯದು. ಅದೇ ಪೊಟ್ಯಾಷಿಯಂ ನರಕ್ಕೆ ರಭಸವಾಗಿ ಹೋದರೆ ಹೃದಯದ ಲಯ ತಪ್ಪುತ್ತದೆ. ಆಕ್ಸಲೇಟ್ ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಟ್ಯಾನಿನ್ ಪ್ರೋಟೀನನ್ನು ಗರಣೆ ಕಟ್ಟಿಸುತ್ತದೆ. ಅದಕ್ಕೇ ಚೀನೀ ಫಾರ್ಮಕೋಪಿಯಾದಲ್ಲಿ ಗಿಡಮೂಲಿಕೆ ಇಂಜೆಕ್ಷನ್‌ಗೆ ಅಂತಲೇ ಇವೆಲ್ಲಕ್ಕೂ ಪರೀಕ್ಷೆ ಇದೆ. ಟ್ಯಾನಿನ್ ಪರೀಕ್ಷೆ ನನಗೆ ಇಷ್ಟ. ಸಲೈನ್‌ನಲ್ಲಿ ಕೋಳಿಮೊಟ್ಟೆಯ ಬಿಳಿಯನ್ನು ಶೇ 1ರಷ್ಟು ಕಲಸಿ, ಅದಕ್ಕೆ ನಮ್ಮ ಔಷಧಿಯ ಒಂದು ಮಿಲಿ ಹಾಕಿ, ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಬೇಕು. ಮಬ್ಬಾದರೆ ಫೇಲ್. ಕೋಟಿಗಟ್ಟಲೆ ಬೆಲೆಯ ಮೆಷಿನ್‌ಗಳ ಮಧ್ಯೆ ಒಂದು ಮೊಟ್ಟೆ ಒಡೆದು ತೀರ್ಪು ಕೊಡುವ ಪರೀಕ್ಷೆ.

ಜ್ವರ ಬರಿಸುವ ಕೊಳೆಯದ್ದು ಇನ್ನೊಂದು ಕಥೆ. ಬ್ಯಾಕ್ಟೀರಿಯಾ ಸತ್ತರೂ ಅದರ ಗೋಡೆಯ ಚೂರು, ಅಂದರೆ ಎಂಡೋಟಾಕ್ಸಿನ್, ಉಳಿಯುತ್ತದೆ. 121 ಡಿಗ್ರಿ ಹಬೆಯಲ್ಲಿಟ್ಟರೂ ಪೂರ್ತಿ ನಾಶವಾಗೋದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿಯಲ್ಲಿ ಅರ್ಧ ಗಂಟೆ ಸುಡಬಹುದು. ಔಷಧಿಯನ್ನು ಸುಡೋಕಾಗಲ್ಲ ಅಲ್ವಾ? ಹೊಲದಿಂದ ಬಂದ ಹೂವಿನಲ್ಲಿ ಮಣ್ಣಿದೆ, ಬ್ಯಾಕ್ಟೀರಿಯಾ ಇದೆ. ಹಳೆಯ ಮದ್ದು ಇದ್ದಿಲ ಪುಡಿ. ಅದು ಎಂಡೋಟಾಕ್ಸಿನ್ ಹೀರುತ್ತದೆ, ಜೊತೆಗೆ ನಮ್ಮ ಹಳದಿಯನ್ನೂ ಹೀರುತ್ತದೆ. ಸೋಸಿದ ಮೇಲೆ ಬಣ್ಣ ತೆಳ್ಳಗಾದದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಹಾಗಾಗಿ ಇದ್ದಿಲು ಬಿಟ್ಟು, ದೊಡ್ಡ ಅಣುಗಳನ್ನು ತಡೆಯುವ ಅಲ್ಟ್ರಾಫಿಲ್ಟ್ರೇಷನ್ ಪೊರೆಗೆ ಹೋದೆವು. ಅಣುವಿನ ತೂಕ 10 ಕಿಲೋಡಾಲ್ಟನ್‌ಗಿಂತ ದೊಡ್ಡದಾದರೆ ಹಿಂದೆ, ಸಣ್ಣದಾದರೆ ಮುಂದೆ.

ಪರೀಕ್ಷೆಯಲ್ಲೂ ತಕರಾರು. ಲಾಳದ ಆಕಾರದ ಸಮುದ್ರ ಏಡಿಯ ರಕ್ತದಿಂದ ಮಾಡಿದ ಪುಡಿ ಎಂಡೋಟಾಕ್ಸಿನ್ ಇದ್ದರೆ ಗಟ್ಟಿಯಾಗುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಟ್ಯೂಬನ್ನು ತಲೆಕೆಳಗೆ ಮಾಡಬೇಕು. ಆದರೆ ಗಿಡದ ಕೆಲವು ಸಕ್ಕರೆ ಸರಪಳಿಗಳಿಗೂ ಅದು ಗಟ್ಟಿಯಾಗುತ್ತದೆ. ಆಗ ಸುಳ್ಳು ಫೇಲ್. ಅನುಮಾನ ಬಂದಾಗ ಮೊಲಗಳ ಹತ್ತಿರ ಹೋಗಬೇಕು. ಮೂರು ಮೊಲಗಳಿಗೆ ಔಷಧಿ ಕೊಟ್ಟು ಜ್ವರ ನೋಡುವುದು. ಯಾವುದಕ್ಕೂ 0.6 ಡಿಗ್ರಿ ಏರಬಾರದು, ಮೂರೂ ಕೂಡಿ 1.3 ದಾಟಬಾರದು. ಗಾಬರಿಯಾದ ಮೊಲಕ್ಕೆ ಔಷಧಿ ಕೊಡದೆಯೂ ಮೈ ಬಿಸಿಯಾಗುತ್ತದೆ. ಅದಕ್ಕೇ ಆ ಕೋಣೆಯಲ್ಲಿ ಬಾಗಿಲು ಜೋರಾಗಿ ಹಾಕಿದವರಿಗೆ ಬೈಗುಳ ಗ್ಯಾರಂಟಿ.

ಶಾಖದಲ್ಲಿ ಕ್ರಿಮಿಶುದ್ಧ ಮಾಡೋಕಾಗಲ್ಲ ಅಂದ ಮೇಲೆ ಉಳಿದದ್ದು ಒಂದೇ ದಾರಿ. ಬ್ಯಾಕ್ಟೀರಿಯಾ ದಾಟದ 0.22 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಕ್ರಿಮಿಯಿಲ್ಲದ ಕೋಣೆಯಲ್ಲಿ ಸೀಸೆಗೆ ತುಂಬಿ, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸುವುದು. ಸೀಸೆಯ ತಳದಲ್ಲಿ ಹಳದಿ ಬಿಲ್ಲೆ ಕೂರಬೇಕು, ಸಲೈನ್ ಹಾಕಿದ ಕೂಡಲೇ ಕರಗಬೇಕು. ಸಕ್ಕರೆ ಒಂಚೂರು ಜಾಸ್ತಿ ಉಳಿದಿದ್ದರೆ ಬಿಲ್ಲೆ ನಿಲ್ಲದೆ ಅಂಟು ಅಂಟಾಗಿ ಕುಸಿಯುತ್ತಿತ್ತು. ಚಳಿ ಕೋಣೆಯಲ್ಲಿ ಬಿಟ್ಟು ಬಂದೆವು ಅಂದುಕೊಂಡ ಗಸಿ ಇಲ್ಲಿಯವರೆಗೂ ಬೆನ್ನು ಹತ್ತಿತ್ತು.

ಕರಗಿಸಿದ ಮೇಲೆ ಕಣ್ಣಿಗೆ ಕಾಣದ ಕಣಗಳ ಎಣಿಕೆ. 100 ಮಿಲಿಗಿಂತ ಸಣ್ಣ ಇಂಜೆಕ್ಷನ್ ಆದರೆ ಒಂದು ಸೀಸೆಯಲ್ಲಿ 10 ಮೈಕ್ರಾನ್ ಮತ್ತು ಮೇಲಿನವು 6000, 25 ಮೈಕ್ರಾನ್ ಮತ್ತು ಮೇಲಿನವು 600 ದಾಟಬಾರದು. ನಮ್ಮದು ಆರಾಮಾಗಿ ಪಾಸಾಗುತ್ತಿತ್ತು. ಶಿಜಿಯೆ ಅಷ್ಟಕ್ಕೆ ಬಿಡಲಿಲ್ಲ. "ವಾರ್ಡಿನಲ್ಲಿ ನರ್ಸ್ ಇದನ್ನೊಂದೇ ಹಾಕುತ್ತಾಳೆ ಅಂದ್ಕೊಂಡಿದ್ದೀಯಾ?" ಅಂದಳು. ಪಾರ್ಶ್ವವಾಯುವಿನ ರೋಗಿಗೆ ಸಾಮಾನ್ಯವಾಗಿ ಏರಿಸುವ ಬೇರೆ ಔಷಧಿಗಳನ್ನೆಲ್ಲ ತಂದು ಒಂದೊಂದಾಗಿ ನಮ್ಮದರ ಜೊತೆ ಬೆರೆಸಿ, ಗಂಟೆಗಂಟೆಗೆ ಎಣಿಸಿದೆವು. ಕೆಲವು ತಕ್ಷಣ ಮಬ್ಬಾದವು. ಕೆಲವು ಕಣ್ಣಿಗೆ ತಿಳಿಯಾಗಿಯೇ ಇದ್ದು ಎಣಿಕೆಯಲ್ಲಿ ಮಾತ್ರ ಕಣಗಳು ಏರುತ್ತಾ ಹೋದವು. ಎರಡನೆಯ ಬಗೆಯೇ ಜಾಸ್ತಿ ಅಪಾಯ, ನರ್ಸ್‌ಗೆ ಏನೂ ಕಾಣೋದಿಲ್ಲವಲ್ಲ. ಬೇರೆ ಯಾವುದರ ಜೊತೆಯೂ ಬೆರೆಸಬೇಡಿ, ಎರಡು ಔಷಧಿಗಳ ನಡುವೆ ಪೈಪನ್ನು ಸಲೈನ್‌ನಿಂದ ತೊಳೆಯಿರಿ ಅನ್ನುವ ಸೂಚನೆ ಬಂದದ್ದು ಈ ಕೆಲಸದಿಂದ.

ಈಗ ನೀಲಿ ಕಿವಿಯ ವಿಷಯ. ಸಣ್ಣ ಬಿಳಿ ಇಲಿಯ ಬಾಲದ ನರಕ್ಕೆ ಔಷಧಿಯ ಜೊತೆ ಇವಾನ್ಸ್ ಬ್ಲೂ ಅನ್ನುವ ಬಣ್ಣ ಕೊಡುತ್ತಾರೆ. ಔಷಧಿ ಅಲರ್ಜಿಯಂಥ ಪ್ರತಿಕ್ರಿಯೆ ಎಬ್ಬಿಸಿದರೆ ರಕ್ತನಾಳ ಸೋರುತ್ತದೆ, ಬಣ್ಣ ಹೊರಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಇಲಿಯ ತೆಳು ಕಿವಿ ನೀಲಿಯಾಗುತ್ತದೆ. ಹಿಂದೆ ಯಾವತ್ತೂ ತೆಗೆದುಕೊಳ್ಳದ ಔಷಧಿಗೆ ಮೊದಲ ಸಲವೇ ಈ ಬಗೆಯ ಪ್ರತಿಕ್ರಿಯೆ ಬರಬಹುದು, ಗಿಡಮೂಲಿಕೆ ಇಂಜೆಕ್ಷನ್‌ಗಳಲ್ಲಿ ಇದೇ ದೊಡ್ಡ ಪಾಲು.

ನಮ್ಮ ಬ್ಯಾಚ್‌ಗಳಲ್ಲಿ ಬಹುತೇಕ ಕಿವಿಗಳು ಗುಲಾಬಿಯಾಗಿಯೇ ಉಳಿದವು. ಒಂದು ಬ್ಯಾಚಿನದು ನೀಲಿಗಟ್ಟಿತು. ಎಲ್ಲರೂ ಮಾಡುವುದು ಆಗ ಒಂದೇ, ಓಡಿ ಹೋಗಿ ಫಿಂಗರ್‌ಪ್ರಿಂಟ್, ಅಂದರೆ ಔಷಧಿಯ ಅಂಶಗಳನ್ನು ಮೆಷಿನ್ ಗೆರೆಯಾಗಿ ಬರೆದ ನಕ್ಷೆ, ನೋಡುವುದು. 2000ದಿಂದ ಚೀನಾದಲ್ಲಿ ಇಂಥ ಇಂಜೆಕ್ಷನ್‌ಗಳಿಗೆ ಕ್ರೊಮ್ಯಾಟೊಗ್ರಾಮ್‌ನ ಫಿಂಗರ್‌ಪ್ರಿಂಟ್ ಬೇಕು ಅಂತ ನಿಯಮ. ಗೆರೆಗಳ ಏರಿಳಿತವನ್ನು ಮಾದರಿಯ ಜೊತೆ ಹೋಲಿಸಿ ಸಾಫ್ಟ್‌ವೇರ್ ಒಂದು ಅಂಕ ಕೊಡುತ್ತದೆ, ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ನೀಲಿ ಬ್ಯಾಚಿನ ಅಂಕ 0.9ರ ಮೇಲೆಯೇ ಇತ್ತು. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದರೆ ಗೆರೆ ಗೆರೆಗೆ ಕೂಡುತ್ತಿತ್ತು. ಕಾಗದದ ಮೇಲೆ ಎರಡೂ ಒಂದೇ, ಇಲಿಯ ಕಿವಿಯಲ್ಲಿ ಬೇರೆ ಬೇರೆ.

ಕಂಪನಿಯ ಕಡೆಯವರಿಗೆ ಆ ಬ್ಯಾಚನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವ ಆಸೆ. ನಮ್ಮ ಲಾವ್‌ಶಿ, ಅಂದರೆ ಮೇಷ್ಟ್ರು, ಒಪ್ಪಲಿಲ್ಲ. ಸಾರವನ್ನು ಅಣುವಿನ ಗಾತ್ರದ ಪ್ರಕಾರ ಒಡೆದು ಒಂದೊಂದು ಭಾಗವನ್ನೂ ಇಲಿಗೆ ಕೊಟ್ಟು ನೋಡಿದೆವು. ಎಚ್‌ಎಸ್‌ವೈಎ ಇರುವ ಸಣ್ಣ ಅಣುಗಳ ಭಾಗಕ್ಕೆ ಕಿವಿ ತೆಪ್ಪಗಿತ್ತು. ಪೊರೆ ದಾಟಿ ನುಸುಳಿ ಬಂದಿದ್ದ ದೊಡ್ಡ ಅಣುಗಳ ಅಲ್ಪ ಭಾಗಕ್ಕೆ ನೀಲಿಯಾಯಿತು. ಸಕ್ಕರೆ ಸರಪಳಿ, ಅದಕ್ಕಂಟಿದ ಪ್ರೋಟೀನ್ ಚೂರು. ಅವು 403 ನ್ಯಾನೋಮೀಟರ್ ಬೆಳಕಿಗೆ ಕಾಣುವುದೇ ಇಲ್ಲ, ಫಿಂಗರ್‌ಪ್ರಿಂಟ್‌ನಲ್ಲಿ ಗೆರೆ ಎಲ್ಲಿಂದ ಬರಬೇಕು? ಆ ಬ್ಯಾಚಿಗೆ ಬೆರೆಸಿದ್ದ ಹೂವಿನಲ್ಲಿ ಒಂದು ಲಾಟು ಒಣಗಿಸುವಾಗ ಮಳೆಗೆ ಸಿಕ್ಕದ್ದು ಅಂತ ಆಮೇಲೆ ಗೊತ್ತಾಯಿತು. ಪೊರೆಯನ್ನು ಬಿಗಿ ಮಾಡಿದೆವು. ಸಾಮಾನ್ಯ ಡೋಸಿಗೆ ಕಿವಿ ಸರಿಹೋಯಿತು. ಹೆಚ್ಚಿನ ಡೋಸಿಗೆ ಅಂಚಿನಲ್ಲಿ ನೀಲಿ ಛಾಯೆ ಉಳಿದೇ ಇತ್ತು.

ಬಿಗಿ ಮಾಡಿದಷ್ಟೂ ಪುಡಿ ಶುದ್ಧವಾಯಿತು, ಶೇ 60 ದಾಟಿ ಎಷ್ಟೋ ಮೇಲೆ ಹೋಯಿತು. ಆಗ ಎದ್ದ ಪ್ರಶ್ನೆ ಬೇರೆ. ಇದು ಇನ್ನೂ ಹೊಂಗ್‌ಹುವಾ ಹೌದೋ, ಅಲ್ಲವೋ? ಹೂವಿನ ಹಲವು ಅಂಶಗಳು ಕೂಡಿ ಕೆಲಸ ಮಾಡುತ್ತವೆ ಅನ್ನುವ ಮಾತಿನ ಮೇಲೆ ಪ್ರಾಜೆಕ್ಟ್ ಶುರುವಾಗಿತ್ತು. ಅಪಾಯ ಕಳೆಯುತ್ತಾ ಹೋದ ಹಾಗೆ ಆ ಹಲವು ಅಂಶಗಳೂ ಒಂದೊಂದಾಗಿ ಹೋದವು. ಇಲಿಯ ಮೆದುಳಿನ ರಕ್ತನಾಳಕ್ಕೆ ನೈಲಾನ್ ದಾರ ತೂರಿಸಿ ಪಾರ್ಶ್ವವಾಯು ತರಿಸುವ ಪ್ರಯೋಗ ಇದೆ. ಮೆದುಳನ್ನು ಚಕ್ಕೆ ಮಾಡಿ ಬಣ್ಣ ಹಾಕಿದರೆ ಬದುಕಿದ ಭಾಗ ಕೆಂಪು, ಸತ್ತ ಭಾಗ ಬಿಳಿ. ನಮ್ಮ ಮಿಶ್ರಣವನ್ನೂ ಬರಿ ಎಚ್‌ಎಸ್‌ವೈಎಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಮಿಶ್ರಣದ ಕಡೆ ಬಿಳಿ ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು. ಲೆಕ್ಕ ಹಾಕಿದರೆ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ.

ಮೀಟಿಂಗ್‌ಗಳಲ್ಲಿ ಎರಡು ಪಂಗಡ. ಒಬ್ಬರು ಶ್ಯುಯೆಬಿಜಿಂಗ್ ತೋರಿಸುತ್ತಿದ್ದರು. ಅದು ಐದು ಗಿಡಮೂಲಿಕೆಗಳ ಇಂಜೆಕ್ಷನ್, ಅದರಲ್ಲಿ ಹೊಂಗ್‌ಹುವಾ ಕೂಡ ಇದೆ. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿಯ ರೋಗಿಗಳ ಮೇಲೆ 45 ಐಸಿಯುಗಳಲ್ಲಿ 1817 ಜನರನ್ನು ಇಟ್ಟುಕೊಂಡು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 28 ದಿನಗಳಲ್ಲಿ ಸತ್ತವರು ಔಷಧಿ ಪಡೆದವರಲ್ಲಿ ಶೇ 18.8, ಪಡೆಯದವರಲ್ಲಿ ಶೇ 26.1. ಸುಮ್ನೆ ತಳ್ಳಿಹಾಕುವ ಅಂಕಿ ಅಲ್ಲ. ಇನ್ನೊಂದು ಪಂಗಡ ಆರ್ಟೆಸುನೇಟ್ ತೋರಿಸುತ್ತಿತ್ತು. ಚಿಂಗ್‌ಹಾವ್ ಗಿಡದಿಂದ ಹೊರಟು, ಒಂದೇ ಅಣುವಾಗಿ, ಚೀನಾದ ಗುಯಿಲಿನ್‌ನಲ್ಲಿ ಇಂಜೆಕ್ಷನ್ ರೂಪ ಪಡೆದು, ಜಗತ್ತಿನ ತುಂಬ ಹೋದ ಔಷಧಿ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಮ್ಮ ದೇಶದ ರೋಗಿಗಳೂ ಇದ್ದರು. ತೀವ್ರ ಮಲೇರಿಯಾದ 1461 ಜನರಲ್ಲಿ ಕ್ವಿನೈನ್ ಪಡೆದವರಲ್ಲಿ ಶೇ 22, ಆರ್ಟೆಸುನೇಟ್ ಪಡೆದವರಲ್ಲಿ ಶೇ 15 ಜನ ಸತ್ತರು. ನಮ್ಮಲ್ಲೂ ತೀವ್ರ ಮಲೇರಿಯಾಕ್ಕೆ ಈಗ ಅದೇ ಇಂಜೆಕ್ಷನ್.

ನಾನು ಎರಡನೆಯವರ ಕಡೆ. ಶ್ಯುಯೆಬಿಜಿಂಗ್‌ನ ಅಂಕಿ ಚೆನ್ನಾಗಿದ್ದರೂ, ಯಾವ ಅಂಶ ಕಾಪಾಡಿತು ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ, ಮುಂದಿನ ವರ್ಷ ಮಳೆಗೆ ಸಿಕ್ಕ ಹೂವು ಬಂದಾಗ ಯಾವುದನ್ನು ಅಳೆಯುತ್ತೀರಿ? ನೀಲಿ ಕಿವಿ ನೋಡಿದ ಮೇಲೆ ನನಗೆ ಈ ಪ್ರಶ್ನೆ ದಾಟೋಕೆ ಆಗಲಿಲ್ಲ. ಶಿಜಿಯೆ ಕೊನೆಯವರೆಗೂ ಒಪ್ಪಲಿಲ್ಲ. "ನೀನು ಕೆಮಿಸ್ಟ್, ರೋಗಿಗೆ ಗೆರೆ ಬೇಕಿಲ್ಲ, ಬದುಕು ಬೇಕು" ಅಂತಿದ್ದಳು. ಅವಳ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ.

ಕೊನೆಗೆ ತೀರ್ಮಾನ ಮಾಡಿದ್ದು ಕಂಪನಿ, ಅದೂ ದುಡ್ಡಿನ ಲೆಕ್ಕದಲ್ಲಿ. 2017ರಲ್ಲೇ ಸರ್ಕಾರಿ ವಿಮೆ 26 ಗಿಡಮೂಲಿಕೆ ಇಂಜೆಕ್ಷನ್‌ಗಳನ್ನು ಎರಡನೇ ದರ್ಜೆ ಮತ್ತು ಮೇಲಿನ ಆಸ್ಪತ್ರೆಗಳಿಗೆ ಮಾತ್ರ ಸೀಮಿತ ಮಾಡಿತ್ತು. ಹಳ್ಳಿ, ಪಟ್ಟಣದ ಕ್ಲಿನಿಕ್‌ಗಳ ವ್ಯಾಪಾರ ಅಲ್ಲಿಗೆ ಬಿದ್ದಿತ್ತು. ಇನ್ನೊಂದು ಮಿಶ್ರಣ ತಂದರೆ ಯಾರು ಕೊಳ್ಳುತ್ತಾರೆ ಅನ್ನುವುದು ಅವರ ಚಿಂತೆ. ಮಿಶ್ರಣ ಬಿಟ್ಟು, ಶೇ 90ರ ದಾರಿಯಲ್ಲಿ ಒಂದೇ ಅಂಶದ ಇಂಜೆಕ್ಷನ್ ಮಾಡಿ ಅಂದರು.

ಅಂದ ತಕ್ಷಣ ಕೆಲಸ ಹಗುರ ಆಗಲಿಲ್ಲ. ವಸ್ತು ಬದಲಾಯಿತು ಅಂದರೆ ಹಳೆಯ ಪುಡಿಯ ಮೇಲೆ ಮಾಡಿದ ಸುರಕ್ಷತೆಯ ಪರೀಕ್ಷೆಗಳು ಲೆಕ್ಕಕ್ಕಿಲ್ಲ. ಮೊಲದ ರಕ್ತಕಣ ಒಡೆಯುತ್ತದಾ ಅಂತ ನೋಡುವುದು, ಮೊಲದ ಕಿವಿಯ ನರದ ಉರಿ, ಗಿನಿ ಹಂದಿಯ ಅಲರ್ಜಿ, ಇಲಿಯ ನೀಲಿ ಕಿವಿ, ಎಲ್ಲ ಮತ್ತೆ ಮೊದಲಿಂದ. ರೆಸಿನ್ ಕಾಲಮ್ ಆದ ಮೇಲೆ ಇನ್ನೊಂದು ಕಾಲಮ್ ಸೇರಿಸಬೇಕಾಯಿತು. ಮಾಲು ಇನ್ನಷ್ಟು ಸೋರಿತು, ಒಂದು ಸೀಸೆಗೆ ಬೇಕಾಗುವ ಹೂವಿನ ತೂಕ ಏರಿತು. ನನ್ನ ಕರಾರು ಮುಗಿಯುವಾಗ ಹೊಸ ಪುಡಿಯ ಮೊದಲ ಮೂರು ಬ್ಯಾಚ್ ತಯಾರಾಗಿದ್ದವು. ಕಿವಿಗಳು ಹೆಚ್ಚಿನ ಡೋಸಿಗೂ ಗುಲಾಬಿಯಾಗಿದ್ದವು. ಕಡತವನ್ನು ಶಿಜಿಯೆಗೆ ಒಪ್ಪಿಸಿದೆ. ಅವಳು ಫಲಿತಾಂಶದ ಹಾಳೆ ತಿರುವಿ ನೋಡಿ, ಮಿಶ್ರಣದ ಹಳೆಯ ಬ್ಯಾಚ್‌ಗಳನ್ನು ಎಸೆಯಬೇಡಿ, ಫ್ರೀಜರ್‌ನಲ್ಲಿ ಜಾಗ ಇದೆ ಅಂತ ಹುಡುಗರಿಗೆ ಹೇಳಿದಳು.